ಸರ್ಕಾರಿ ಶಾಲೆಗೆ ಶಾಸ್ತ್ರೀಯ ಸಂಗೀತ: 24 ಶಾಲೆಗೆ ಒಂದೊಂದು ಸಲವೋ, 3 ಶಾಲೆಗೆ ಎಂಟೆಂಟು ಸಲವೋ?

ಹರಿಹರದ ಓದುಗ

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಬ್ಯಾಂಕ್ ನೌಕರ. ನಾವು ಆರು ಜನ ಗೆಳೆಯರು ಒಂದು ಸಣ್ಣ ಟ್ರಸ್ಟ್ ಮಾಡಿಕೊಂಡು, ಮೂರು ವರ್ಷಗಳಿಂದ ಸುತ್ತಮುತ್ತಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಸಂಗೀತಗಾರರನ್ನು ಕರೆದುಕೊಂಡು ಹೋಗುತ್ತಿದ್ದೇವೆ. ನಮ್ಮೂರು ತುಂಗಭದ್ರೆಯ ದಂಡೆಯಲ್ಲಿರುವುದು ದೊಡ್ಡ ಅನುಕೂಲ. ಹೊಳೆಯ ಆ ಕಡೆಯಿಂದ ಹಿಂದೂಸ್ತಾನಿಯವರು, ಈ ಕಡೆಯಿಂದ ಕರ್ನಾಟಕ ಸಂಗೀತದವರು, ಇಬ್ಬರೂ ಸಿಗುತ್ತಾರೆ.

ನಮಗೆ ದಾರಿ ತೋರಿಸಿದ್ದು ಸ್ಪಿಕ್ ಮೆಕೆ ಸಂಸ್ಥೆ. ಐಐಟಿ ದೆಹಲಿಯ ಪ್ರಾಧ್ಯಾಪಕ ಕಿರಣ್ ಸೇಠ್ ಅವರು 1977ರಲ್ಲಿ ಅದನ್ನು ಕಟ್ಟಿದರು. ಅಮೆರಿಕದಲ್ಲಿ ಓದುತ್ತಿದ್ದಾಗ ನ್ಯೂಯಾರ್ಕ್‌ನಲ್ಲಿ ಡಾಗರ್ ಮನೆತನದವರ ಧ್ರುಪದ್ ಗಾಯನ ಕೇಳಿ ಅಲುಗಾಡಿಹೋದವರು ಅವರು. ಸ್ವಯಂಸೇವಕರೇ ನಡೆಸುವ ಆ ಸಂಸ್ಥೆ ದೊಡ್ಡ ದೊಡ್ಡ ಕಲಾವಿದರನ್ನು ಶಾಲೆ ಕಾಲೇಜುಗಳ ನೆಲದ ಮೇಲೆ ಕೂರಿಸಿ ಹಾಡಿಸಿದೆ. 2022ರಲ್ಲಿ, 73ನೆಯ ವಯಸ್ಸಿನಲ್ಲಿ, ಸೇಠ್ ಅವರು ಇದೇ ಕೆಲಸಕ್ಕಾಗಿ ಶ್ರೀನಗರದಿಂದ ಕನ್ಯಾಕುಮಾರಿಯತ್ತ ಸೈಕಲ್ ಹತ್ತಿದರು. ಅಷ್ಟು ದೊಡ್ಡ ಕೆಲಸ ನಮ್ಮಿಂದ ಆಗದು. ನಮ್ಮ ತಾಲ್ಲೂಕು ನಮಗೆ ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಈ ವರ್ಷ ಕೈಯಲ್ಲಿರುವ ಹಣದಲ್ಲಿ ಕಲಾವಿದರ ಸಂಭಾವನೆ, ಪ್ರಯಾಣ, ಊಟ ಎಲ್ಲ ಸೇರಿಸಿ 24 ಭೇಟಿಗಳು ಸಾಧ್ಯ. ಇದುವರೆಗೆ ಶಾಲೆಗೆ ಒಂದರಂತೆ ಹಂಚುತ್ತಿದ್ದೆವು. ಮೂರೇ ಶಾಲೆಗಳನ್ನು ಆರಿಸಿಕೊಂಡು ಎಂಟೆಂಟು ಸಲ ಹೋಗೋಣ ಎಂದು ನಾನು ಹೇಳುತ್ತಿದ್ದೇನೆ. ಉಳಿದ ಐವರಲ್ಲಿ ಮೂವರಿಗೆ ಇದು ಒಪ್ಪಿಗೆಯಿಲ್ಲ. "ಉಳಿದ 21 ಶಾಲೆಯ ಮಕ್ಕಳು ಏನು ಪಾಪ ಮಾಡಿದ್ದಾರೆ?" ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಆದರೆ ಕಳೆದ ವರ್ಷದ ಒಂದು ಬೆಳಿಗ್ಗೆ ನನ್ನನ್ನು ಬಿಡುತ್ತಿಲ್ಲ.

ಒಂದು ಹಳ್ಳಿಯ ಶಾಲೆ. ಧಾರವಾಡ ಕಡೆಯ ಗಾಯಕಿಯೊಬ್ಬರು ಬಂದಿದ್ದರು. ತಂಬೂರಿ ಶ್ರುತಿ ಮಾಡಲು ಕೂತರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಮಕ್ಕಳು ಗಲಾಟೆ ಮಾಡುತ್ತಾರೆಂದು ನನಗೆ ಚಡಪಡಿಕೆ. ಎರಡು ಮಾತಾಡಿ ಹೊತ್ತು ತುಂಬಿಸೋಣವೆಂದು ಎದ್ದೆ. ಅವರು ಕಣ್ಣಿನಲ್ಲೇ ಕೂರಿರಿ ಎಂದರು. ಆಗ ಮೂರನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಅದರೊಳಗೆ ದುಂಬಿ ಇದೆಯೇ?" ಎಂದು ಕೇಳಿದಳು. ಗಾಯಕಿ ಅವಳನ್ನು ಹತ್ತಿರ ಕರೆದು ತಂಬೂರಿಯ ಬುರುಡೆಗೆ ಕಿವಿ ಹಚ್ಚಿಸಿದರು. ಆಮೇಲೆ ಒಬ್ಬೊಬ್ಬರೇ ಸಾಲಾಗಿ ಬಂದು ಕಿವಿ ಇಟ್ಟರು. ಹೆಚ್ಚಿನ ಹೊತ್ತು ಅದಕ್ಕೇ ಹೋಯಿತು. ಕೊನೆಗೆ ಹನ್ನೆರಡು ನಿಮಿಷ ಭೂಪ ರಾಗ ಹಾಡಿದರು. ಮಕ್ಕಳು ಅಲುಗಾಡಲಿಲ್ಲ.

ನಾವು ಆ ಶಾಲೆಗೆ ಮತ್ತೆ ಹೋಗಲೇ ಇಲ್ಲ. ನಮ್ಮ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ "ಆಯಿತು" ಎಂದು ಬರೆದಿದ್ದೇವೆ. ಆ ಪದ ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಏನು ಆಯಿತು? ಈಗಷ್ಟೇ ಶುರುವಾಗಿತ್ತಲ್ಲ?

ಶಿಕ್ಷಕರು, ಸಂಗೀತಗಾರರು, ತಂದೆತಾಯಿಗಳು ಯಾರೇ ಇರಲಿ, ನಿಮ್ಮ ಅನುಭವದಿಂದ ಹೇಳಿ.

ನಲಿಕಲಿ ಶಿಕ್ಷಕಿ

ಮೂರು ಶಾಲೆ. ಇದರಲ್ಲಿ ಯೋಚಿಸುವುದು ಏನೂ ಇಲ್ಲ ಸರ್.

ನಾನು ಹದಿನಾರು ವರ್ಷಗಳಿಂದ ಒಂದರಿಂದ ಮೂರನೇ ತರಗತಿಯವರಿಗೆ ಪಾಠ ಮಾಡುತ್ತಿದ್ದೇನೆ. ಆಡುತ್ತ ಹಾಡುತ್ತ ಕಲಿಯುವ ಈ ನಲಿಕಲಿ ತರಗತಿಯಲ್ಲಿ ದಿನ ಶುರುವಾಗುವುದೇ ಹಾಡಿನಿಂದ. ಹಾಗಾಗಿ ನಮ್ಮ ಮಕ್ಕಳಿಗೆ ಹಾಡು ಹೊಸದಲ್ಲ. ಹೊಸದು ಯಾವುದೆಂದರೆ, ಒಬ್ಬ ದೊಡ್ಡ ಮನುಷ್ಯ ತಮ್ಮ ಎದುರು ಕೂತು ಒಂದೇ ಸ್ವರವನ್ನು ಅಷ್ಟು ಹೊತ್ತು, ಅಷ್ಟು ಶ್ರದ್ಧೆಯಿಂದ ಹಿಡಿದುಕೊಂಡಿರುವುದು. ಅದನ್ನು ಅವರು ಬೇರೆಲ್ಲೂ ನೋಡಿರುವುದಿಲ್ಲ.

ನಮ್ಮ ಶಾಲೆಗೂ ಒಮ್ಮೆ ಒಂದು ಸಂಸ್ಥೆಯವರು ಬಂದಿದ್ದರು. ಹೆಸರು ಬೇಡ. ಬೆಳಿಗ್ಗೆ ಒಂಬತ್ತಕ್ಕೆ ಶಾಮಿಯಾನ, ಎರಡು ಆಳೆತ್ತರದ ಸ್ಪೀಕರ್, ಬ್ಯಾನರ್. ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು ಹೊದಿಸುವುದು, ಸಂಗೀತದಿಂದ ನೆನಪಿನ ಶಕ್ತಿ ಹೆಚ್ಚುತ್ತದೆ ಎಂದು ಮೂವತ್ತು ನಿಮಿಷದ ಭಾಷಣ. ಹಾಡು ಶುರುವಾದಾಗ ಹನ್ನೊಂದೂವರೆ. ಅಷ್ಟರಲ್ಲಿ ಶಾಮಿಯಾನದ ನೆರಳು ಸರಿದು ಮುಂದಿನ ಮೂರು ಸಾಲಿನ ಮಕ್ಕಳು ಬಿಸಿಲಿನಲ್ಲಿದ್ದರು. ಒಂದನೇ ತರಗತಿಯ ಒಂದು ಮಗು ಕೂತಲ್ಲೇ ಉಚ್ಚೆ ಹೊಯ್ದುಕೊಂಡು ಅಳುತ್ತಿತ್ತು. ಫೋಟೋ ತೆಗೆದುಕೊಂಡು ಹೋದರು. ಆ ಗಾಯಕರು ಒಳ್ಳೆಯವರೇ. ಪಾಪ, ಅವರ ಮುಖ ಸಣ್ಣದಾಗಿತ್ತು.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಮೈಕ್ ಬೇಡ. ಒಂದು ಕೋಣೆ, ಮೂವತ್ತು ಮಕ್ಕಳು ಸಾಕು. ಚಿಕ್ಕವರಿಗೆ ಇಪ್ಪತ್ತು ನಿಮಿಷ, ನಾಲ್ಕು ಐದನೆಯವರಿಗೆ ಮೂವತ್ತೈದು. ಬಿಸಿಯೂಟಕ್ಕೆ ಮುಂಚಿನ ಅರ್ಧ ಗಂಟೆಯಲ್ಲಂತೂ ಬೇಡವೇ ಬೇಡ, ಸಾರಿನ ವಾಸನೆಯ ಮುಂದೆ ಯಾವ ರಾಗವೂ ನಿಲ್ಲುವುದಿಲ್ಲ. ಶನಿವಾರ ಬೆಳಿಗ್ಗೆ ಒಳ್ಳೆಯದು. ಮತ್ತೆ, ಕೇಳಿದ ಮೇಲೆ ಪ್ರಶ್ನೆ ಕೇಳಬೇಡಿ. "ಮಕ್ಕಳೇ, ಇದು ಯಾವ ರಾಗ?" ಎಂದ ಕೂಡಲೇ ಅದು ಪರೀಕ್ಷೆಯಾಗಿಬಿಡುತ್ತದೆ.

ಎಸ್‌ಡಿಎಂಸಿ ಸದಸ್ಯ

ಬೇಸರ ಮಾಡಿಕೊಳ್ಳಬೇಡಿ. ನಾನು ನಮ್ಮೂರ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ, ಇದ್ದೇನೆ. ನಮ್ಮೂರ ಶಾಲೆಯಲ್ಲಿ ಐದು ತರಗತಿಗೆ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಅತಿಥಿ ಶಿಕ್ಷಕರು. ಶೌಚಾಲಯ ಕಟ್ಟಿಸಿದ್ದಾರೆ, ನೀರಿನ ಸಂಪರ್ಕ ಇಲ್ಲ. ಹೆಣ್ಣುಮಕ್ಕಳು ಮಧ್ಯಾಹ್ನ ಮನೆಗೆ ಓಡಿ ಹೋಗಿ ಬರುತ್ತಾರೆ. ನಾನೇ ಮೂರು ಸಲ ಅರ್ಜಿ ಕೊಟ್ಟು ಬಂದಿದ್ದೇನೆ. ಇಂಥ ಶಾಲೆಗೆ ತಂಬೂರಿ ಹಿಡಿದುಕೊಂಡು ಬರುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಿಮ್ಮ 24 ಭೇಟಿಯ ಹಣದಲ್ಲಿ ಒಂದು ಶಾಲೆಗೆ ಪೈಪು ಎಳೆಸಬಹುದಲ್ಲ?

ಹರಿಹರದ ಓದುಗ

ಎಳೆಸಬಹುದು ಸರ್. ನೀವು ಹೇಳಿದ್ದನ್ನು ಸುಮ್ಮನೆ ದಾಟಿ ಹೋಗುವುದಿಲ್ಲ. ಆದರೆ ನೀರು ಕೊಡುವುದು ಸರ್ಕಾರದ ಕರ್ತವ್ಯ, ಅದನ್ನು ಕೇಳಿ ಪಡೆಯುವ ಹಕ್ಕು ನಿಮಗಿದೆ. ತಂಬೂರಿಯ ನಾದ ಕೇಳಿಸಿ ಎಂದು ಆ ಮಗು ಯಾವ ಕಚೇರಿಗೆ ಅರ್ಜಿ ಹಾಕಬೇಕು? ಯಾರಾದರೂ ಕೇಳಿಸದಿದ್ದರೆ, ಅಂಥದ್ದೊಂದು ಇದೆ ಎಂಬುದೇ ಅದಕ್ಕೆ ತಿಳಿಯುವುದಿಲ್ಲವಲ್ಲ.

ಕುಂದಗೋಳದ ಮೊಮ್ಮಗಳು

ಎಸ್‌ಡಿಎಂಸಿ ಅಣ್ಣನವರ ಸಿಟ್ಟು ನ್ಯಾಯವಾದದ್ದು. ಆದರೆ ಶಾಸ್ತ್ರೀಯ ಸಂಗೀತ ಹೊಟ್ಟೆ ತುಂಬಿದವರದು ಎಂಬ ಧ್ವನಿ ಅದರಲ್ಲಿದ್ದರೆ, ನಮ್ಮ ಕಡೆಯ ಚರಿತ್ರೆ ಹಾಗಿಲ್ಲ ಎಂದು ಹೇಳಲೇಬೇಕು.

ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಿರಿ. ಹಾನಗಲ್ಲ ಕುಮಾರ ಸ್ವಾಮಿಗಳ ಆಸರೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಕಣ್ಣಿಲ್ಲದ, ತಂದೆತಾಯಿಯಿಲ್ಲದ, ಬಡ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಪಾಠ ಹೇಳಿದರು. ಅವರ ನಂತರ ಪುಟ್ಟರಾಜ ಗವಾಯಿಗಳು 1944ರಿಂದ 2010ರವರೆಗೆ ಆ ಮಕ್ಕಳನ್ನು ಸಾಕಿದರು. ಅವರಿಗೂ ಕಣ್ಣಿರಲಿಲ್ಲ. ಆಶ್ರಮದ ಒಲೆ ಉರಿಯಬೇಕೆಂದು ನಾಟಕ ಕಂಪನಿ ನಡೆಸಿದರು. ಜೋಳಿಗೆಯ ಜೋಳದಲ್ಲಿ ರೊಟ್ಟಿ ಬಡಿದು, ಉಂಡು, ಯಮನ್ ರಾಗ ಕಲಿತ ಮಕ್ಕಳು ಅಲ್ಲಿದ್ದಾರೆ. ಗಾಯಕ ಪಂಡಿತ್ ವೆಂಕಟೇಶ ಕುಮಾರ್ ಅವರನ್ನು ಅವರ ಸೋದರಮಾವ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣನವರು, ಬಾಲಕನಾಗಿದ್ದಾಗಲೇ ತಂದು ಬಿಟ್ಟದ್ದು ಅಲ್ಲಿಗೇ. ಅಲ್ಲಿ ಅನ್ನ ಮೊದಲೋ ಸ್ವರ ಮೊದಲೋ ಎಂದು ಯಾರೂ ಕೇಳಲಿಲ್ಲ. ಎರಡೂ ಒಂದೇ ಜೋಳಿಗೆಯಲ್ಲಿ ಬರುತ್ತಿದ್ದವು.

ಮತ್ತೆ, ಕಿವಿಗೆ ಬೀಳುವುದು ಎಂದರೇನು ಎಂಬುದಕ್ಕೆ ಭೀಮಸೇನ ಜೋಶಿಯವರ ಬಾಲ್ಯವೇ ಸಾಕು. ಭಜನೆಯ ಮೇಳದ ಹಿಂದೆ ಹೋಗಿ ದಾರಿ ತಪ್ಪಿಸಿಕೊಳ್ಳುತ್ತಿದ್ದ ಮಗನ ಅಂಗಿಯ ಮೇಲೆ, ಶಾಲಾ ಮಾಸ್ತರರಾಗಿದ್ದ ತಂದೆ "ಜೋಶಿ ಮಾಸ್ತರರ ಮಗ" ಎಂದು ಬರೆಯುತ್ತಿದ್ದರಂತೆ. ಅಂಗಡಿಯಲ್ಲಿ ಹಾಕುತ್ತಿದ್ದ ಗಾಯಕ ಅಬ್ದುಲ್ ಕರೀಂ ಖಾನ್ ಸಾಹೇಬರ ಒಂದು ಗ್ರಾಮಫೋನ್ ತಟ್ಟೆ ಕೇಳಿ, ಹಾಗೆ ಹಾಡಬೇಕೆಂಬ ಹಂಬಲ ಹತ್ತಿ, 1933ರಲ್ಲಿ ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕುತ್ತ ಮನೆ ಬಿಟ್ಟ ಹುಡುಗ ಅದು. ಒಂದು ತಟ್ಟೆ! ಆದರೆ ಗಮನಿಸಿ, ಆ ತಟ್ಟೆಯನ್ನು ಆತ ಒಂದೇ ಸಲ ಕೇಳಿರಲಿಕ್ಕಿಲ್ಲ. ಆದ್ದರಿಂದ ನನ್ನ ಮತವೂ ಮೂರು ಶಾಲೆಗೇ.

ತತ್ತ್ವಪದ

ನಾನು ಬೇರೆ ಮಾತು ಹೇಳುತ್ತೇನೆ. ಎಷ್ಟು ಶಾಲೆ ಎಂಬುದಕ್ಕಿಂತ ಮೊದಲು, ಯಾವ ಸಂಗೀತ ಎಂದು ಯಾಕೆ ಯಾರೂ ಕೇಳುತ್ತಿಲ್ಲ?

ನಮ್ಮ ಹಳ್ಳಿಯ ಮಕ್ಕಳ ಮನೆಯಲ್ಲಿ ಸೋಬಾನೆ ಪದ ಇದೆ, ಚೌಡಿಕೆ ಇದೆ, ಹಲಗೆ ಇದೆ, ಡೊಳ್ಳು ಇದೆ. ಮೊಹರಮ್ಮಿನ ರಿವಾಯತ್ ಪದ ಇದೆ. ಪೇಟೆಯಿಂದ ಬಂದವರು "ಶಾಸ್ತ್ರೀಯ" ಎಂಬ ಹೆಸರು ಹೇಳಿಕೊಂಡು ಬಂದು ಕೂತರೆ, ತನ್ನ ಅಜ್ಜಿಯ ಹಾಡು ಅಶಾಸ್ತ್ರೀಯ ಎಂದು ಮಗು ತಿಳಿಯುತ್ತದೆ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೊದಿಸಿದ ಶಾಲೇ ಹೇಳುತ್ತದೆ. ಗಂಗೂಬಾಯಿ ಹಾನಗಲ್ ಅಂಥವರನ್ನೇ ಹಾಡುವವಳು ಎಂದು ಬೀದಿಯಲ್ಲಿ ಮೂದಲಿಸಿದ ಸಮಾಜ ನಮ್ಮದು. ಯಾರ ಹಾಡಿಗೆ ಮಾನ, ಯಾರದಕ್ಕೆ ಇಲ್ಲ ಎಂಬುದು ಇಲ್ಲಿ ಯಾವತ್ತೂ ಬರೀ ಸ್ವರದ ಪ್ರಶ್ನೆಯಾಗಿರಲಿಲ್ಲ.

ಸಾಹಿತ್ಯದ ವಿಷಯವೂ ಇದೆ. ಬರೀ ದೇವರ ಕೀರ್ತನೆಯಾದರೆ ತರಗತಿಯ ಎಲ್ಲ ಮಕ್ಕಳಿಗೂ ಅದು ತಮ್ಮದು ಎನ್ನಿಸುತ್ತದೆಯೇ? ನಾನು ವಿರೋಧಿ ಅಲ್ಲ. ಬಂದವರು ಮೊದಲು ಮಕ್ಕಳಿಂದ ಒಂದು ಹಾಡು ಕೇಳಲಿ, ಆಮೇಲೆ ತಾವು ಹಾಡಲಿ. ಇಷ್ಟೇ ನನ್ನ ಬೇಡಿಕೆ.

ಕುಂದಗೋಳದ ಮೊಮ್ಮಗಳು

ಕೊನೆಯ ಮಾತು ನೂರಕ್ಕೆ ನೂರು ಒಪ್ಪಿದೆ. ಸಾಹಿತ್ಯದ ಬಗ್ಗೆ ಒಂದೇ ಮಾತು: ಅಬ್ದುಲ್ ಕರೀಂ ಖಾನ್ ಸಾಹೇಬರು ಕುಂದಗೋಳದ ರಾಮಭಾವುಗೆ ಕಲಿಸಿದರು, ಆತ ಸವಾಯಿ ಗಂಧರ್ವರಾದರು. ಅವರು ಗಂಗೂಬಾಯಿಯವರಿಗೂ ಭೀಮಸೇನರಿಗೂ ಕಲಿಸಿದರು. ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಬಂದು ಪಾಠ ಹೇಳಿಸಿಕೊಂಡು ಹೋಗುತ್ತಿದ್ದರು. ಈ ಸಾಲಿನಲ್ಲಿ ಯಾವ ಜಾತಿ, ಯಾವ ಧರ್ಮ ಎಂದು ಎಣಿಸುತ್ತ ಹೋದರೆ ಎಣಿಕೆಯೇ ತಪ್ಪುತ್ತದೆ. ಸಾಹಿತ್ಯವೇ ಬೇಡವೆಂದರೆ ತರಾನಾ ಇದೆ. ದೀಂ, ತನನ, ತೋಂ. ಇದರಲ್ಲಿ ಯಾರ ದೇವರೂ ಇಲ್ಲ, ಎಲ್ಲ ಮಕ್ಕಳಿಗೂ ನಾಲಿಗೆ ತಿರುಗುತ್ತದೆ.

ಮೃದಂಗದವನು

ಮೂರು ದಿನದಿಂದ ಓದುತ್ತಿದ್ದೇನೆ. ನಾನು ಇಂಥ ಕಾರ್ಯಕ್ರಮಗಳಿಗೆ ಹೋಗುವ ಮೃದಂಗದವನು. ನಮ್ಮ ಕಡೆಯಿಂದಲೂ ಸ್ವಲ್ಪ ಕೇಳಿ.

ಮೊದಲು ತತ್ತ್ವಪದ ಅವರಿಗೆ. ಎರಡು ವರ್ಷದ ಹಿಂದೆ ಒಂದು ಶಾಲೆಯಲ್ಲಿ ವಾದ್ಯವನ್ನು ಚೀಲದಿಂದ ತೆಗೆದು ಇಟ್ಟಿದ್ದೆ. ಐದನೇ ತರಗತಿಯ ಹುಡುಗ ಬಂದು ಬೆರಳಿನಿಂದ ಮುಚ್ಚಿಗೆಯ, ಅಂದರೆ ಚರ್ಮದ ಹೊದಿಕೆಯ, ಅಂಚು ಒತ್ತಿ ನೋಡಿ, "ಇದು ಆಡಿನ ಚರ್ಮ, ಕೆಳಗಿನದು ದನದ್ದು" ಎಂದ. ನಾನು ಬೆರಗಾದೆ. ಅವನ ಅಜ್ಜ ಹಲಗೆ ಕಟ್ಟುವವರಂತೆ. ಚರ್ಮ ಹೇಗೆ ಹದ ಮಾಡುತ್ತಾರೆ, ಬೆಂಕಿಗೆ ಎಷ್ಟು ಹೊತ್ತು ಹಿಡಿದರೆ ಹಲಗೆ ಮಾತಾಡುತ್ತದೆ ಎಂದು ಅವನೇ ಇಡೀ ತರಗತಿಗೆ ಹೇಳಿದ. ಆ ದಿನ ಅರ್ಧ ಪಾಠ ಅವನದು. ನನ್ನ ವಾದ್ಯ ಕಟ್ಟಿಕೊಡುವವರೂ ಅವನ ಅಜ್ಜನಂಥವರೇ. ಅವರಿಲ್ಲದೆ ಕಚೇರಿಯಿಲ್ಲ ಎಂಬುದನ್ನು ನಾನು ಅಲ್ಲಿಯೇ ಮಕ್ಕಳ ಎದುರು ಹೇಳಿದೆ. ಇಂಥದ್ದಕ್ಕೆ ಎಡೆ ಬೇಕು ಎಂದು ನೀವು ಹೇಳುವುದಾದರೆ ನಾನು ನಿಮ್ಮ ಜೊತೆಗಿದ್ದೇನೆ.

ಎಡಗಡೆಯ ಮುಚ್ಚಿಗೆಗೆ ರವೆ ಕಲಸಿ ಹಚ್ಚಬೇಕು, ಆಗಲೇ ಅದಕ್ಕೆ ಗುಮ್ಮೆನ್ನುವ ನಾದ. ನಾನು ಬೇಕೆಂದೇ ರವೆ ಒಯ್ಯುವುದಿಲ್ಲ. ಬಿಸಿಯೂಟದ ಅಡುಗೆಮನೆಯಿಂದ ಒಂದು ಹಿಡಿ ತರಲು ಮಕ್ಕಳನ್ನೇ ಕಳಿಸುತ್ತೇನೆ. ಹಚ್ಚುವ ಮೊದಲೊಮ್ಮೆ, ಹಚ್ಚಿದ ಮೇಲೊಮ್ಮೆ ನುಡಿಸಿ ತೋರಿಸುತ್ತೇನೆ. ಉಪ್ಪಿಟ್ಟಿನ ರವೆಯಿಂದ ಆ ಸದ್ದು ಬಂತೆಂದು ನಂಬಲು ಅವರಿಗೆ ಸ್ವಲ್ಪ ಹೊತ್ತು ಬೇಕಾಗುತ್ತದೆ.

ತಾಳಕ್ಕೆ ಬಂದರೆ, "ಖಂಡ ಚಾಪು" ಎಂಬ ಹೆಸರು ಹೇಳಿ ಶುರು ಮಾಡಿದರೆ ಕೆಟ್ಟೆವು. ನಾನು "ಮಿರ್ಚಿ, ಮಂಡಕ್ಕಿ" ಎನ್ನಿಸುತ್ತೇನೆ. ಎರಡು, ಮೂರು. ತಕ, ತಕಿಟ. ಮಿರ್ಚಿ ಮಂಡಕ್ಕಿ, ಮಿರ್ಚಿ ಮಂಡಕ್ಕಿ ಎಂದು ಕೈತಟ್ಟುತ್ತ ಹೋದರೆ ಐದರ ನಡೆ ತಾನಾಗಿ ಮೈಗೆ ಹತ್ತುತ್ತದೆ. ಅದು ಕೂತ ಮೇಲೆ "ಮಂಡಕ್ಕಿ, ಅವಲಕ್ಕಿ". ಮೂರು, ನಾಲ್ಕು. ತಕಿಟ, ತಕಧಿಮಿ. ಇದು ಏಳು, ಮಿಶ್ರ ಚಾಪು. ಕೋಣೆಯ ಅರ್ಧ ಜನ ಐದು ಹೇಳಬೇಕು, ಇನ್ನರ್ಧ ಏಳು ಹೇಳಬೇಕು. ಎರಡೂ ಗುಂಪು ಎಲ್ಲಿ ಕೂಡಿ ಮೊದಲಿಗೆ ಬರುತ್ತವೆ ಎಂದು ಕಾಯುತ್ತ ಮಕ್ಕಳು ಉಸಿರು ಬಿಗಿಹಿಡಿದಿರುತ್ತಾರೆ. ಮೂವತ್ತೈದನೆಯ ಎಣಿಕೆ ಮುಗಿದು ಇಬ್ಬರೂ ಒಟ್ಟಿಗೆ "ಮಿ" ಮತ್ತು "ಮಂ" ಮೇಲೆ ಬಿದ್ದಾಗ ಏಳುವ ಕೂಗು ಯಾವ ಸಭೆಯಲ್ಲೂ ನನಗೆ ಸಿಕ್ಕಿಲ್ಲ. ಆದರೆ ಇದು ಮೊದಲ ದಿನ ಆಗುವುದಿಲ್ಲ. ಮೂರನೆಯ ಭೇಟಿಯಲ್ಲಿ ಆಗುತ್ತದೆ. ಒಂದೇ ಸಲ ಹೋದ ಶಾಲೆಗಳಲ್ಲಿ ನಾನು ಮಿರ್ಚಿ ಮಂಡಕ್ಕಿಗೇ ಬಿಟ್ಟು ಬಂದಿದ್ದೇನೆ.

ಕೊನೆಗೆ, ಸಂಭಾವನೆ. ಹರಿಹರದ ಸರ್ ಅದನ್ನು ಲೆಕ್ಕದಲ್ಲಿ ಸೇರಿಸಿದ್ದೀರಿ, ನಿಮಗೆ ನಮಸ್ಕಾರ. ಬಹಳಷ್ಟು ಮಂದಿ "ಮಕ್ಕಳ ಸೇವೆಯಲ್ಲವೇ" ಎಂದು ಬಸ್ ಚಾರ್ಜು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಶಾಮಿಯಾನದವನಿಗೆ ಸೇವೆ ಎಂದು ಹೇಳುವುದಿಲ್ಲ, ಮೈಕಿನವನಿಗೂ ಹೇಳುವುದಿಲ್ಲ. ಮುಚ್ಚಿಗೆ ಹೋದರೆ ಹೊಸದಾಗಿ ಹಾಕಿಸಲು ನನಗೆ ದುಡ್ಡು ಬೇಕು. ಒಂದು ದಿನ ಶಾಲೆಗೆ ಬಂದರೆ ಮನೆಪಾಠ ತಪ್ಪುತ್ತದೆ. ಸೇವೆಯನ್ನು ನಾನು ಮಾಡುತ್ತೇನೆ, ಆದರೆ ಅದು ನಾನಾಗಿ ಕೊಡಬೇಕಾದ್ದು, ಇನ್ನೊಬ್ಬರು ನನ್ನ ಪರವಾಗಿ ಘೋಷಿಸುವಂಥದ್ದಲ್ಲ.

ಲಂಡನ್ ಕನ್ನಡಿಗ

ಮೃದಂಗದ ಅಣ್ಣನವರ ಮಾತಿಗೆ ಇಲ್ಲಿಂದ ಒಂದು ಉದಾಹರಣೆ. ಪಿಟೀಲು ವಾದಕ ಯೆಹೂದಿ ಮೆನುಹಿನ್ ಇಲ್ಲಿ ಲೈವ್ ಮ್ಯೂಸಿಕ್ ನೌ ಎಂಬ ದತ್ತಿ ಸಂಸ್ಥೆ ಕಟ್ಟಿದ್ದು 1977ರಲ್ಲಿ, ಸ್ಪಿಕ್ ಮೆಕೆ ಹುಟ್ಟಿದ ವರ್ಷವೇ. ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರಿಂದ ಯೋಗ ಕಲಿತ ಮೆನುಹಿನ್ ಇವರೇ. ಆ ಸಂಸ್ಥೆ ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲೆಗಳಿಗೆ, ಆಸ್ಪತ್ರೆಗಳಿಗೆ, ವೃದ್ಧಾಶ್ರಮಗಳಿಗೆ ಸಂಗೀತಗಾರರನ್ನು ಕಳಿಸುತ್ತದೆ. ಅದು ಆರಿಸಿಕೊಳ್ಳುವುದು ವೃತ್ತಿಯ ಹೊಸ್ತಿಲಲ್ಲಿರುವ ಎಳೆಯರನ್ನು. ಅವರಿಗೆ ಮಕ್ಕಳ ಮುಂದೆ ಹೇಗೆ ಕೂರಬೇಕೆಂದು ತರಬೇತಿ ಕೊಡುತ್ತಾರೆ, ಹಣವನ್ನೂ ಕೊಡುತ್ತಾರೆ. ಕೇಳುವವರಿಗೂ ನುಡಿಸುವವರಿಗೂ ಒಟ್ಟಿಗೆ ನೆರವಾಗುವ ಈ ಕ್ರಮ ನನಗೆ ಬಹಳ ಇಷ್ಟ. ಧಾರವಾಡ, ಮೈಸೂರುಗಳಲ್ಲಿ ಸಂಗೀತ ಪದವಿ ಮುಗಿಸಿ ಕೆಲಸಕ್ಕೆ ಅಲೆಯುವ ಹುಡುಗ ಹುಡುಗಿಯರು ಎಷ್ಟು ಜನರಿಲ್ಲ!

ಚೆನ್ನೈ ನಿವಾಸಿ

ನನ್ನ ಮಗಳು ಇಲ್ಲಿ ಸಂಗೀತ ಕಲಿಯುತ್ತಾಳೆ. ಜೊತೆಯ ಹದಿನಾಲ್ಕು ಮಕ್ಕಳಿಗೆ ಕನ್ನಡದ ಗಂಧವೂ ಇಲ್ಲ. ಆದರೆ ಸರಳೆ, ಜಂಟಿ, ಅಲಂಕಾರ ಎಂಬ ಮೊದಲ ಸ್ವರಪಾಠಗಳನ್ನು ಮುಗಿಸಿ ಗೀತೆಗೆ ಬಂದ ದಿನ ಎಲ್ಲರೂ ಒಕ್ಕೊರಲಿನಿಂದ ಹಾಡಿದ್ದು "ಕೆರೆಯ ನೀರನು ಕೆರೆಗೆ ಚೆಲ್ಲಿ" ಎಂದು, ಮಲಹರಿ ರಾಗದಲ್ಲಿ. ಮಾಯಾಮಾಳವಗೌಳ ರಾಗದಲ್ಲಿ ಶುರು ಮಾಡುವ ಈ ಪಾಠಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ದಕ್ಷಿಣದ ಎಲ್ಲ ಗುರುಗಳೂ ನೆನೆಯುತ್ತಾರೆ. ಹೊರಗಿನ ಮಕ್ಕಳೆಲ್ಲ ಕನ್ನಡದಲ್ಲಿ ಸಂಗೀತ ಶುರು ಮಾಡುತ್ತಿದ್ದಾರೆ. ಆ ಮಾತು ಕೇಳಿದ ಕೂಡಲೇ ಅರ್ಥವಾಗುವ ನಮ್ಮೂರ ಮಕ್ಕಳಿಗೆ ಅದನ್ನು ಕೇಳಿಸುವವರಿಲ್ಲ. ನನಗೆ ಅಳು ಬಂತು ಅಂದು. ದಯವಿಟ್ಟು ಮಲಹರಿಯನ್ನು ಸೇರಿಸಿಕೊಳ್ಳಿ.

ಎಸ್‌ಡಿಎಂಸಿ ಸದಸ್ಯ

ಎಲ್ಲ ಓದಿದೆ. ಹಲಗೆಯ ಅಜ್ಜನ ಮೊಮ್ಮಗನ ವಿಷಯ ಎರಡು ಸಲ ಓದಿದೆ. ನಮ್ಮ ಶಾಲೆಯಲ್ಲೂ ಅಂಥ ಮಕ್ಕಳಿದ್ದಾರೆ.

ನನ್ನ ನಿಲುವು ಪೂರ್ತಿ ಬದಲಾಗಿಲ್ಲ. ಶಿಕ್ಷಕರಿಲ್ಲದ ಶಾಲೆಗೆ ಸಂಗೀತ ಬಂದರೆ, ನೋಡಿ ಎಲ್ಲ ಚೆನ್ನಾಗಿದೆ ಎಂದು ತೋರಿಸಲು ಅದನ್ನು ಬಳಸಿಕೊಳ್ಳುತ್ತಾರೆ ಎಂಬ ಹೆದರಿಕೆ ನನಗಿದೆ. ಆದ್ದರಿಂದ ಒಂದು ಕೇಳಿಕೆ. ಎಂಟು ಸಲ ಹೋಗುವವರು ಎಂಟು ಸಲವೂ ಆ ಶಾಲೆಯ ನಲ್ಲಿ ತಿರುಗಿಸಿ ನೋಡಿ. ನೀರು ಬರದಿದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ನಿಮ್ಮ ಟ್ರಸ್ಟ್‌ನ ಕಾಗದದಲ್ಲಿ ಬರೆಯಿರಿ. ನಮ್ಮಂಥವರ ಅರ್ಜಿಗಿಂತ ಪೇಟೆಯ ನಿವೃತ್ತರ ಪತ್ರಕ್ಕೆ ಬೇಗ ಉತ್ತರ ಬರುತ್ತದೆ. ಇದನ್ನು ಮಾಡುವುದಾದರೆ ನಮ್ಮ ಶಾಲೆಗೂ ಬನ್ನಿ, ಕೋಣೆ ನಾನು ಗುಡಿಸಿ ಇಡುತ್ತೇನೆ.

ನಲಿಕಲಿ ಶಿಕ್ಷಕಿ

ಇದಕ್ಕಿಂತ ಒಳ್ಳೆಯ ಷರತ್ತು ಇರಲಾರದು.

ಹರಿಹರದ ಓದುಗ

ಐದು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ನಿಮ್ಮ ಮಾತುಗಳನ್ನೆಲ್ಲ ಮುದ್ರಿಸಿಕೊಂಡು ಸಭೆಯಲ್ಲಿ ಓದಿದೆ. ಮೂರು ಶಾಲೆ, ಎಂಟು ತಿಂಗಳು ಎಂದು ತೀರ್ಮಾನವಾಯಿತು. ಒಬ್ಬ ಗೆಳೆಯ ಕೊನೆಯವರೆಗೂ ಒಪ್ಪಲಿಲ್ಲ. ಆದರೂ ಮೊದಲ ಭೇಟಿಗೆ ಕಾರು ತಂದವನು ಅವನೇ. ಎಸ್‌ಡಿಎಂಸಿ ಸದಸ್ಯರ ಶಾಲೆ ಮೂರರಲ್ಲಿ ಒಂದು. ಅಲ್ಲಿ ನಲ್ಲಿ ತಿರುಗಿಸಿದೆವು, ಗಾಳಿ ಬಂತು. ಪತ್ರ ಹೋಗಿದೆ, ಸ್ವೀಕೃತಿ ಸಿಕ್ಕಿದೆ, ನೀರು ಇನ್ನೂ ಬಂದಿಲ್ಲ. ಮುಂದಿನ ತಿಂಗಳು ಮತ್ತೆ ಬರೆಯುತ್ತೇವೆ.

ಇನ್ನೊಂದು ಶಾಲೆ ಯಾವುದೆಂದು ನೀವು ಊಹಿಸಿರುತ್ತೀರಿ. ಪಟ್ಟಿಯಲ್ಲಿ "ಆಯಿತು" ಎಂದು ಬರೆದಿದ್ದ ಶಾಲೆ. ಹೋದ ತಿಂಗಳೊಮ್ಮೆ ಹೋಗಿದ್ದೆವು, ಕಳೆದ ಶನಿವಾರ ಮತ್ತೆ ಹೋದೆವು. ಅದೇ ಗಾಯಕಿ. ಬ್ಯಾನರ್ ಇಲ್ಲ, ಮೈಕ್ ಇಲ್ಲ. ಮೊದಲು ಮಕ್ಕಳೇ ಹಾಡಿದರು. ಇಬ್ಬರು ಹುಡುಗಿಯರು ತಮ್ಮ ಅಜ್ಜಿಯ ಬೀಸುವ ಪದ ಹಾಡಿದಾಗ ಗಾಯಕಿ ಅದನ್ನು ಎರಡು ಸಲ ಹಾಡಿಸಿಕೊಂಡು ಬರೆದುಕೊಂಡರು.

ಆಮೇಲೆ ಅವರು ತಂಬೂರಿ ಮೀಟಿದರು. ದುಂಬಿಯ ಹುಡುಗಿ ಈಗ ನಾಲ್ಕನೇ ತರಗತಿ, ಮುಂದಿನ ಸಾಲಿನಲ್ಲೇ ಕೂತಿದ್ದಳು. ಸ್ವಲ್ಪ ಹೊತ್ತು ಕೇಳಿ, ತಲೆ ಒಂದು ಕಡೆ ವಾಲಿಸಿ, "ಇವತ್ತು ಒಂದು ದುಂಬಿ ಮಾತಾಡುತ್ತಿಲ್ಲ" ಎಂದಳು. ನನಗೆ ಏನೂ ವ್ಯತ್ಯಾಸ ತಿಳಿದಿರಲಿಲ್ಲ. ಗಾಯಕಿ ಕೈ ನಿಲ್ಲಿಸಿ ನಾಲ್ಕು ತಂತಿಗಳನ್ನು ಒಂದೊಂದಾಗಿ ಮೀಟಿ ನೋಡಿದರು. ಮೂರನೆಯ ತಂತಿಯ ಕೆಳಗೆ, ತಂತಿಗಳು ಹಾಯುವ ಕುದುರೆಯೆಂಬ ಪಟ್ಟಿಯ ಮೇಲಿನ ನೂಲಿನ ಎಳೆ ಜಾರಿತ್ತು. ಅವಳನ್ನು ಹತ್ತಿರ ಕೂರಿಸಿಕೊಂಡು, ಅವಳ ಬೆರಳಿಗೇ ಆ ಎಳೆಯನ್ನು ಕೊಟ್ಟು, ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ, ಸಾಕು, ಹಿಂದಕ್ಕೆ ಎನ್ನುತ್ತ ಸರಿಸಿದರು. ನಾದ ತುಂಬಿಕೊಂಡ ಕ್ಷಣ ಅವಳೇ ಕೈ ತೆಗೆದಳು. ಯಾರೂ ಹೇಳಲಿಲ್ಲ.

ಮುಂದಿನ ಭೇಟಿಗೆ ಮೃದಂಗದವರು ಬರುತ್ತಾರೆ. ರವೆ ತೆಗೆದಿಡಲು ಅಡುಗೆಯವರಿಗೆ ಈಗಲೇ ಹೇಳಿ ಬಂದಿದ್ದೇನೆ.